ಪಾರ್ಕಿನ್ಸನ್: ವಂಶದಿಂದ ಬಂದದ್ದೆಷ್ಟು, ವಿಷದಿಂದ ಬಂದದ್ದೆಷ್ಟು?

ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾದ ಮನೆಯಲ್ಲಿ ಎರಡು ಪ್ರಶ್ನೆ ಏಳುತ್ತವೆ. ಇದು ಯಾಕೆ ಬಂತು? ಮಕ್ಕಳಿಗೂ ಬರುತ್ತದಾ? ಎರಡರ ಹಿಂದೆಯೂ ಒಂದೇ ಅನುಮಾನ ಇರುತ್ತದೆ. ಇದು ರಕ್ತದಲ್ಲೇ ಇತ್ತಾ, ಇಲ್ಲಾ ಹೊರಗಿನಿಂದ ಬಂತಾ? ವಿಜ್ಞಾನಿಗಳೂ ಬಹಳ ಕಾಲ ಹೀಗೇ ಕೇಳಿದರು. ಈಗ ಕೈಗೆ ಸಿಕ್ಕಿರುವ ಮಾಹಿತಿ ನೋಡಿದರೆ ಪ್ರಶ್ನೆಯನ್ನೇ ಬದಲಿಸಬೇಕು. ಬಹುತೇಕ ರೋಗಿಗಳಲ್ಲಿ ಜೀನ್ ಒಂದರಿಂದಲೇ ಈ ಕಾಯಿಲೆ ಬಂದಿರುವುದಿಲ್ಲ. ವಿಷ ಒಂದರಿಂದಲೂ ಬಂದಿರುವುದಿಲ್ಲ. ಎರಡೂ ಸೇರಿ, ಜೊತೆಗೆ ವಯಸ್ಸೂ ಸೇರಿ, ಹತ್ತಾರು ವರ್ಷಗಳಲ್ಲಿ ಆಗುವ ಹಾನಿ ಇದು. ಹುಟ್ಟಿನಿಂದ ಬಂದ ಜೀನನ್ನು ಯಾರೂ ಬದಲಿಸಲಾರರು. ಆದರೆ ಯಾವ ರಾಸಾಯನಿಕ ಹೊಲಕ್ಕೆ, ನೀರಿಗೆ, ಗಾಳಿಗೆ ಹೋಗಬೇಕು ಎನ್ನುವುದನ್ನು ಮನುಷ್ಯರೇ ತೀರ್ಮಾನ ಮಾಡುತ್ತಾರೆ. ಆ ತೀರ್ಮಾನದಲ್ಲಿ ಪಾರ್ಕಿನ್ಸನ್‌ಗೆ ಸಿಕ್ಕ ಜಾಗ ತೀರಾ ಕಡಿಮೆ.

ಮೊದಲು ಮಿದುಳಿನಲ್ಲಿ ಏನಾಗುತ್ತದೆ ನೋಡೋಣ. ಮಿದುಳಿನ ಬುಡದ ಹತ್ತಿರ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಪುಟ್ಟ ಕಪ್ಪು ಭಾಗ ಇದೆ. ಅಲ್ಲಿನ ನರಕೋಶಗಳು ಡೋಪಮೈನ್ ತಯಾರಿಸುತ್ತವೆ. ನಡೆಯುವುದು, ಕೈ ಬೀಸುವುದು, ಅಂಗಿಯ ಗುಂಡಿ ಹಾಕುವುದು, ನಗುವುದು, ಎಲ್ಲವೂ ಸಲೀಸಾಗಿ ಆಗಲು ಈ ಡೋಪಮೈನ್ ಬೇಕು. ಪಾರ್ಕಿನ್ಸನ್‌ನಲ್ಲಿ ಈ ಕೋಶಗಳು ನಿಧಾನವಾಗಿ ಸಾಯುತ್ತಾ ಹೋಗುತ್ತವೆ. ಇದನ್ನು ಒಂದು ಇಡುಗಂಟು ಎಂದುಕೊಳ್ಳಿ. ವಯಸ್ಸು ಅದರಿಂದ ಎಲ್ಲರಲ್ಲೂ ಅಷ್ಟಿಷ್ಟು ತೆಗೆಯುತ್ತದೆ. ಕೆಲವರಿಗೆ ಜೀನ್‌ನಿಂದಾಗಿ ಸೋರಿಕೆ ಜಾಸ್ತಿ. ಕೆಲವರಿಗೆ ಯಾವುದೋ ರಾಸಾಯನಿಕ ಒಂದು ದೊಡ್ಡ ಪಾಲನ್ನೇ ತೆಗೆದುಬಿಡುತ್ತದೆ. ಗಂಟು ಬಹಳಷ್ಟು ಕರಗುವ ತನಕ ಹೊರಗೆ ಏನೂ ಕಾಣುವುದಿಲ್ಲ. ಕೈ ನಡುಗಲು, ಹೆಜ್ಜೆ ಚಿಕ್ಕದಾಗಲು ಶುರುವಾಗುವ ಹೊತ್ತಿಗೆ ಆ ಕೋಶಗಳಲ್ಲಿ ದೊಡ್ಡ ಪಾಲು ಹೋಗಿರುತ್ತದೆ. ಹಾಗಾಗಿ ಇವತ್ತು ಕಂಡ ನಡುಕದ ಮೂಲ 20, 30 ವರ್ಷ ಹಿಂದೆ ಇರಬಹುದು. ಈ ಒಂದು ಸಂಗತಿಯಿಂದಲೇ ಕಾರಣ ಹುಡುಕುವ ಕೆಲಸ ಇಷ್ಟು ಕಷ್ಟವಾಗಿದೆ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದರು. ಅದರ ನಂತರ ಒಂದೂವರೆ ಶತಮಾನ ಕಾರಣದ ವಿಷಯದಲ್ಲಿ ಊಹೆಗಳೇ ಜಾಸ್ತಿ ಇದ್ದವು. ದಿಕ್ಕು ಬದಲಿಸಿದ್ದು 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಒಂದು ಘಟನೆ. ಮಾದಕ ವಸ್ತು ಬಳಸುತ್ತಿದ್ದ ಕೆಲವರು ಇದ್ದಕ್ಕಿದ್ದಂತೆ ಮರಗಟ್ಟಿದರು. ಮಾತಿಲ್ಲ, ಅಲುಗಾಟವಿಲ್ಲ. ಹೆಚ್ಚಿನವರು ಚಿಕ್ಕ ವಯಸ್ಸಿನವರು. ನೋಡಿದರೆ ಹತ್ತಾರು ವರ್ಷ ಪಾರ್ಕಿನ್ಸನ್ ಅನುಭವಿಸಿದವರಂತೆ ಇದ್ದರು. ನರವೈದ್ಯ ವಿಲಿಯಂ ಲ್ಯಾಂಗ್ಸ್‌ಟನ್ ಮತ್ತು ಅವರ ಜೊತೆಗಾರರು ಕಾರಣ ಹಿಡಿದರು. ಕಳ್ಳತನದಲ್ಲಿ ತಯಾರಿಸಿದ ಹೆರಾಯಿನ್ ತರಹದ ವಸ್ತುವಿನಲ್ಲಿ ಎಂಪಿಟಿಪಿ ಎಂಬ ಕಲ್ಮಶ ಸೇರಿತ್ತು. ಅದು ಮಿದುಳಿಗೆ ಹೋಗಿ ಎಂಪಿಪಿ ಪ್ಲಸ್ ಎಂಬ ವಿಷವಾಗುತ್ತದೆ. ಡೋಪಮೈನ್ ಕೋಶಗಳು ಅದನ್ನು ತಾವೇ ಒಳಗೆ ಎಳೆದುಕೊಳ್ಳುತ್ತವೆ. ಒಳಗೆ ಹೋದ ಮೇಲೆ ಅದು ಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾವನ್ನು ತಡೆಹಿಡಿಯುತ್ತದೆ.

ಹೊರಗಿನ ಒಂದು ರಾಸಾಯನಿಕ ಆ ಪುಟ್ಟ ಕಪ್ಪು ಭಾಗವನ್ನೇ ಆರಿಸಿ ಕೊಲ್ಲಬಲ್ಲದು ಎಂದು ಮನುಷ್ಯರಲ್ಲೇ ಗೊತ್ತಾಯಿತು. ಇದಕ್ಕಿಂತ ಕಳವಳದ ವಿಷಯ ಇನ್ನೊಂದು. ಇದೇ ಎಂಪಿಪಿ ಪ್ಲಸ್ ಅನ್ನು ಒಂದು ಕಾಲದಲ್ಲಿ ಸೈಪರ್‌ಕ್ವಾಟ್ ಎಂಬ ಹೆಸರಿನಲ್ಲಿ ಕಳೆನಾಶಕವಾಗಿ ಪರೀಕ್ಷಿಸಿದ್ದರು. ಅದರ ರಚನೆಯನ್ನೇ ಹೋಲುವ ಪ್ಯಾರಾಕ್ವಾಟ್ ಎಂಬ ಕಳೆನಾಶಕ ಜಗತ್ತಿನ ಹಲವು ದೇಶಗಳಲ್ಲಿ ಇವತ್ತಿಗೂ ಬಳಕೆಯಲ್ಲಿದೆ.

ಅಲ್ಲಿಂದ ತಕ್ಕಡಿ ಪರಿಸರದ ಕಡೆ ವಾಲಿತು. 1999ರಲ್ಲಿ ಅದಕ್ಕೆ ಇನ್ನಷ್ಟು ಬಲ ಬಂತು. ಎರಡನೇ ಮಹಾಯುದ್ಧದ ಕಾಲದ ಅಮೆರಿಕನ್ ಸೈನಿಕರಲ್ಲಿ ಅವಳಿಗಳಾಗಿದ್ದ ಸುಮಾರು 20,000 ಮಂದಿಯನ್ನು ಕ್ಯಾರೊಲಿನ್ ಟ್ಯಾನರ್ ಮತ್ತು ಸಂಗಡಿಗರು ಪರೀಕ್ಷೆ ಮಾಡಿದರು. ಕಾಯಿಲೆ ಪೂರ್ತಿ ಜೀನ್‌ನದ್ದೇ ಆಗಿದ್ದರೆ, ಒಂದೇ ಜೀನ್ ಹಂಚಿಕೊಂಡ ಏಕರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರಬೇಕಿತ್ತು. ಹಾಗಾಗಲಿಲ್ಲ. 50 ವರ್ಷ ದಾಟಿದ ಮೇಲೆ ಕಾಯಿಲೆ ಬಂದವರಲ್ಲಿ ಜೋಡಿಯ ಇಬ್ಬರಿಗೂ ಬರುವ ವಿಷಯದಲ್ಲಿ ಏಕರೂಪಿ ಅವಳಿಗಳಿಗೂ ಏಕರೂಪಿಯಲ್ಲದ ಸಾಮಾನ್ಯ ಅವಳಿಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಆದರೆ 50ಕ್ಕಿಂತ ಮೊದಲೇ ಬಂದವರಲ್ಲಿ ಚಿತ್ರ ತಿರುವುಮುರುವಾಯಿತು. ಅಲ್ಲಿ ಜೀನ್‌ನ ಕೈವಾಡ ಎದ್ದು ಕಂಡಿತು. ಆ ಗುಂಪು ತೀರಾ ಚಿಕ್ಕದು, ಕೆಲವೇ ಜೋಡಿಗಳು. ಆದರೂ ಒಂದು ಪಾಠ ಇಂದಿಗೂ ನಿಂತಿದೆ: ಚಿಕ್ಕ ವಯಸ್ಸಿನಲ್ಲಿ ಬರುವ ಪಾರ್ಕಿನ್ಸನ್ ಮತ್ತು ಮುಪ್ಪಿನಲ್ಲಿ ಬರುವ ಪಾರ್ಕಿನ್ಸನ್ ಎರಡಕ್ಕೂ ಕಾರಣದ ಲೆಕ್ಕ ಒಂದೇ ಅಲ್ಲ.

ಅಷ್ಟು ಹೊತ್ತಿಗೆ ಜೀನ್‌ಗಳ ಕಥೆಯೂ ಶುರುವಾಗಿತ್ತು. ದಕ್ಷಿಣ ಇಟಲಿಯ ಕಾಂಟುರ್ಸಿ ಎಂಬ ಊರಿನ ಮೂಲದ ಒಂದು ದೊಡ್ಡ ಕುಟುಂಬದಲ್ಲಿ ತಲೆಮಾರಿನಿಂದ ತಲೆಮಾರಿಗೆ ಪಾರ್ಕಿನ್ಸನ್ ಬರುತ್ತಿತ್ತು. 1997ರಲ್ಲಿ ಆ ಕುಟುಂಬದಲ್ಲಿ ಮತ್ತು ಕೆಲವು ಗ್ರೀಕ್ ಕುಟುಂಬಗಳಲ್ಲಿ ಎಸ್‌ಎನ್‌ಸಿಎ ಎಂಬ ಜೀನ್‌ನ ದೋಷ ಸಿಕ್ಕಿತು. ಆ ಜೀನ್ ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೊಟೀನ್ ತಯಾರಿಸುತ್ತದೆ. ಅದೇ ವರ್ಷ ಇನ್ನೊಂದು ತಂಡ ಮತ್ತೊಂದು ಸಂಗತಿ ತೋರಿಸಿತು. ಸಾಮಾನ್ಯ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಕಾಣುವ ಲೂಯಿ ಬಾಡಿ ಎಂಬ ಗಂಟುಗಳು ಇದೇ ಪ್ರೊಟೀನ್ ಮುದ್ದೆಗಟ್ಟಿ ಆದಂಥವು. ಈ ಎರಡು ಸುದ್ದಿ ಸೇರಿ ಇಡೀ ಕ್ಷೇತ್ರವನ್ನೇ ಬದಲಿಸಿದವು. ಜಗತ್ತಿನಲ್ಲಿ ಬೆರಳೆಣಿಕೆಯ ಕುಟುಂಬಗಳಲ್ಲಿರುವ ದೋಷ, ವಂಶದಲ್ಲಿ ಯಾರಿಗೂ ಇಲ್ಲದೆ ಕಾಯಿಲೆ ಬಂದ ಲಕ್ಷಾಂತರ ಜನರ ಮಿದುಳಿನ ಗುಟ್ಟನ್ನೂ ಹೇಳಿತು.

ಆಮೇಲೆ ಜೀನ್‌ಗಳ ಪಟ್ಟಿ ಬೆಳೆಯಿತು. 1998ರಲ್ಲಿ ಜಪಾನಿನ ತಂಡವೊಂದು ಪಾರ್ಕಿನ್ ಜೀನ್ ಗುರುತಿಸಿತು. ನಂತರ ಪಿಂಕ್1, ಡಿಜೆ1 ಬಂದವು. ತಂದೆ, ತಾಯಿ ಇಬ್ಬರಿಂದಲೂ ದೋಷದ ಪ್ರತಿ ಬಂದಾಗ ಇವು ಕಾಯಿಲೆ ತರುತ್ತವೆ. ಸಾಮಾನ್ಯವಾಗಿ ಅಂಥವರಿಗೆ ವಯಸ್ಸು 40 ಆಗುವ ಮೊದಲೇ ಲಕ್ಷಣ ಕಾಣುತ್ತದೆ. ಸೋದರ ಸಂಬಂಧದ ಮದುವೆಗಳಿರುವ ಕುಟುಂಬಗಳಲ್ಲಿ ಇಂಥ ಜೋಡಿ ದೋಷದ ಸಾಧ್ಯತೆ ಜಾಸ್ತಿ.

ಹೆಚ್ಚು ಜನರಿಗೆ ಸಂಬಂಧಪಟ್ಟ ಜೀನ್‌ಗಳು ಎರಡು. ಒಂದು, 2004ರಲ್ಲಿ ಗೊತ್ತಾದ ಎಲ್‌ಆರ್‌ಆರ್‌ಕೆ2. ಇದರ ಒಂದು ದೋಷ ಉತ್ತರ ಆಫ್ರಿಕಾದ ಅರಬ್ ಮತ್ತು ಬರ್ಬರ್ ರೋಗಿಗಳಲ್ಲಿ ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರಿಗೆ ಇದೆ. ಪೂರ್ವ ಯುರೋಪ್ ಮೂಲದ ಯಹೂದಿಗಳಲ್ಲೂ ಸಾಕಷ್ಟಿದೆ. ಭಾರತದ ರೋಗಿಗಳಲ್ಲಿ ತೀರಾ ಅಪರೂಪ. ಈ ದೋಷ ಇರುವ ಎಲ್ಲರಿಗೂ ಕಾಯಿಲೆ ಬರುತ್ತದಾ ಎಂದರೆ, ಇಲ್ಲ. 80 ವರ್ಷ ತುಂಬಿದರೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಂದಿರುವುದಿಲ್ಲ ಎಂದು ಹಲವು ಅಂದಾಜುಗಳು ಹೇಳುತ್ತವೆ. ಒಂದೇ ದೋಷ, ಒಂದೇ ಕುಟುಂಬ. ಅಕ್ಕನಿಗೆ 55ಕ್ಕೇ ಬರಬಹುದು, ತಮ್ಮ 85 ದಾಟಿದರೂ ಆರಾಮಾಗಿ ನಡೆದಾಡುತ್ತಿರಬಹುದು. ಉಳಿದದ್ದನ್ನು ತೀರ್ಮಾನಿಸುವುದು ಬೇರೆ ಜೀನ್‌ಗಳು, ಬದುಕು ಮತ್ತು ಪರಿಸರ.

ಇನ್ನೊಂದು ಜಿಬಿಎ1. ಇದು ಪತ್ತೆಯಾದ ರೀತಿ ಸೊಗಸಾಗಿದೆ. ಎರಡು ಪ್ರತಿಯೂ ಕೆಟ್ಟರೆ ಗೋಶೆ ಎಂಬ ಅಪರೂಪದ ಕಾಯಿಲೆ ಬರುತ್ತದೆ. ಆ ರೋಗಿಗಳನ್ನು ನೋಡುತ್ತಿದ್ದ ವೈದ್ಯರಿಗೆ, ಅವರ ಮನೆಯ ಹಿರಿಯರಲ್ಲಿ ಪಾರ್ಕಿನ್ಸನ್ ಜಾಸ್ತಿ ಇದೆಯಲ್ಲ ಎಂದು ಅನುಮಾನ ಬಂತು. ಆ ಹಿರಿಯರಲ್ಲಿ ಕೆಟ್ಟಿದ್ದು ಒಂದೇ ಪ್ರತಿ. 2009ರಲ್ಲಿ ಎಲೆನ್ ಸಿಡ್ರಾನ್ಸ್ಕಿ ಅವರ ಮುಂದಾಳತ್ವದಲ್ಲಿ ಹಲವು ದೇಶಗಳ ಸಾವಿರಾರು ಜನರ ಮಾಹಿತಿ ಒಟ್ಟು ಸೇರಿಸಿದರು. ಆರೋಗ್ಯವಂತರಿಗೆ ಹೋಲಿಸಿದರೆ ಪಾರ್ಕಿನ್ಸನ್ ರೋಗಿಗಳಲ್ಲಿ ಈ ದೋಷ ಇರುವ ಸಾಧ್ಯತೆ ಐದು ಪಟ್ಟಿಗೂ ಹೆಚ್ಚು ಎಂದು ಗೊತ್ತಾಯಿತು. ಸಂಬಂಧವಿಲ್ಲದ ಒಂದು ಕಾಯಿಲೆಯ ರೋಗಿಗಳ ಮನೆಮಂದಿಯನ್ನು ಗಮನವಿಟ್ಟು ನೋಡಿದ್ದಕ್ಕೆ ಸಿಕ್ಕಿದ ಫಲ ಇದು.

2023ರಲ್ಲಿ ಆಫ್ರಿಕನ್ ಮೂಲದವರಲ್ಲಿ, ಮುಖ್ಯವಾಗಿ ನೈಜೀರಿಯಾದಲ್ಲಿ, ಇದೇ ಜಿಬಿಎ1 ಜೀನ್‌ನ ಹೊಸದೊಂದು ರೂಪಾಂತರ ಸಿಕ್ಕಿತು. ಯುರೋಪಿನವರಲ್ಲಿ ಅದು ಬಹುತೇಕ ಇಲ್ಲವೇ ಇಲ್ಲ. ಒಂದು ಪ್ರತಿ ಇದ್ದರೆ ಅಪಾಯ ಸುಮಾರು ಒಂದೂವರೆ ಪಟ್ಟು, ಎರಡಿದ್ದರೆ ಮೂರೂವರೆ ಪಟ್ಟು. ಆಫ್ರಿಕನ್ ಮೂಲದವರಲ್ಲಿ ಇಷ್ಟು ಸಾಮಾನ್ಯವಾದ ರೂಪಾಂತರ ಅಷ್ಟು ವರ್ಷ ಯಾಕೆ ಕಾಣಲಿಲ್ಲ? ಯಾರೂ ಅಲ್ಲಿ ಹುಡುಕಿರಲಿಲ್ಲ, ಅಷ್ಟೇ. ಪಾರ್ಕಿನ್ಸನ್ ಜೀನ್‌ಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನ ಪಾಲು ಯುರೋಪ್ ಮೂಲದವರ ರಕ್ತದಿಂದ ಬಂದದ್ದು. 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಅಪಾಯವನ್ನು ಸ್ವಲ್ಪ ಸ್ವಲ್ಪ ಏರಿಸುವ 90 ಜೀನ್ ಗುರುತುಗಳನ್ನು ಪಟ್ಟಿ ಮಾಡಿತು. ಅದೂ ಯುರೋಪ್ ಮೂಲದವರದ್ದೇ. ಆ ಎಲ್ಲ ಗುರುತು ಸೇರಿದರೂ ವಂಶದಿಂದ ಬರುವ ಅಪಾಯದಲ್ಲಿ 16ರಿಂದ 36 ಶೇಕಡಾ ಮಾತ್ರ ವಿವರಿಸಬಲ್ಲವು.

ಇನ್ನು ಪರಿಸರ. ಇಲ್ಲಿ ಗಟ್ಟಿ ಸಾಕ್ಷ್ಯ ಇರುವುದು ಕೀಟನಾಶಕ, ಕಳೆನಾಶಕಗಳ ಬಗ್ಗೆ. ಅಮೆರಿಕದ ಅಯೋವಾ ಮತ್ತು ನಾರ್ತ್ ಕ್ಯಾರೊಲಿನಾ ರಾಜ್ಯಗಳಲ್ಲಿ ಔಷಧಿ ಸಿಂಪಡಿಸುವ ಕೆಲಸ ಮಾಡಿದವರನ್ನು ನೋಡಿದ 2011ರ ಅಧ್ಯಯನದಲ್ಲಿ, ಪ್ಯಾರಾಕ್ವಾಟ್ ಅಥವಾ ರೊಟಿನೋನ್ ಬಳಸಿದವರಿಗೆ ಅಪಾಯ ಸುಮಾರು ಎರಡೂವರೆ ಪಟ್ಟು ಇತ್ತು. ರೊಟಿನೋನ್ ಕೆಲವು ಗಿಡಗಳಿಂದ ತೆಗೆಯುವ ಕೀಟನಾಶಕ. ನೈಸರ್ಗಿಕ ಎಂಬ ಹೆಸರಿನಲ್ಲೇ ಮಾರಾಟವಾಗುತ್ತಿತ್ತು. ಅದು ಎಂಪಿಪಿ ಪ್ಲಸ್‌ನ ಹಾಗೆಯೇ ಮೈಟೋಕಾಂಡ್ರಿಯಾದ ಮೇಲೇ ಕೈ ಹಾಕುತ್ತದೆ. ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ಸಿಂಪಡಿಸುವವರಷ್ಟೇ ಅಲ್ಲ, ಅಕ್ಕಪಕ್ಕದ ಮನೆಯವರಿಗೂ ತೊಂದರೆ ಕಂಡಿತು. ಪ್ಯಾರಾಕ್ವಾಟ್ ಮತ್ತು ಮಾನೆಬ್ ಎಂಬ ಶಿಲೀಂಧ್ರನಾಶಕ ಎರಡನ್ನೂ ಹೊಡೆದ ಹೊಲಗಳಿಂದ 500 ಮೀಟರ್ ಒಳಗೆ ಮನೆ ಇದ್ದವರಲ್ಲಿ ಅಪಾಯ 75 ಶೇಕಡಾ ಹೆಚ್ಚು ಎಂದು 2009ರ ಅಧ್ಯಯನ ಹೇಳಿತು.

ಇಂಥ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಒಬ್ಬ ವ್ಯಕ್ತಿಗೆ ಜೀವಮಾನದಲ್ಲಿ ಪಾರ್ಕಿನ್ಸನ್ ಬರುವ ಸಾಧ್ಯತೆ ಸುಮಾರು 2 ಶೇಕಡಾ ಎಂದಿಟ್ಟುಕೊಳ್ಳಿ. ಎರಡೂವರೆ ಪಟ್ಟು ಎಂದರೆ 5 ಶೇಕಡಾ. ಅಂದರೆ ಆ ಔಷಧಿ ಬಳಸಿದ 100 ಜನರಲ್ಲಿ 95 ಮಂದಿಗೆ ಕಾಯಿಲೆ ಬರುವುದಿಲ್ಲ. 'ನಮ್ಮ ಅಪ್ಪ ಜೀವನಪೂರ್ತಿ ಹೊಡೆದರು, ಏನೂ ಆಗಲಿಲ್ಲ' ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಕೋಟ್ಯಂತರ ಜನ ಬಳಸುವಾಗ 2ಕ್ಕೂ 5ಕ್ಕೂ ನಡುವಿನ ಆ 3 ಶೇಕಡಾ ಎಂದರೆ ಲಕ್ಷಾಂತರ ಮನುಷ್ಯರು. ಎರಡೂ ಮಾತು ಒಟ್ಟಿಗೇ ನಿಜ.

ಇನ್ನೂ ಹೆಚ್ಚು ತಟ್ಟುವ ಉದಾಹರಣೆ ಟ್ರೈಕ್ಲೋರೋಎಥಿಲೀನ್, ಅಂದರೆ ಟಿಸಿಇ. ಲೋಹದ ಜಿಡ್ಡು ತೆಗೆಯಲು, ಬಟ್ಟೆ ಡ್ರೈಕ್ಲೀನ್ ಮಾಡಲು, ಒಂದು ಕಾಲದಲ್ಲಿ ಕಾಫಿಯಿಂದ ಕೆಫೀನ್ ತೆಗೆಯಲು ಕೂಡ ಇದನ್ನು ಬಳಸುತ್ತಿದ್ದರು. ಅಮೆರಿಕದ ಕ್ಯಾಂಪ್ ಲೆಜೂನ್ ಎಂಬ ಸೇನಾ ನೆಲೆಯ ಕುಡಿಯುವ ನೀರಿಗೆ ದಶಕಗಳ ಕಾಲ ಟಿಸಿಇ ಮತ್ತು ಅದರ ಜೊತೆಯ ದ್ರಾವಕಗಳು ಸೇರಿದ್ದವು. 1975ರಿಂದ 1985ರ ನಡುವೆ ಅಲ್ಲಿದ್ದ ಸೈನಿಕರನ್ನು, ಅದೇ ಕಾಲದಲ್ಲಿ ಕ್ಯಾಂಪ್ ಪೆಂಡಲ್‌ಟನ್ ಎಂಬ ಇನ್ನೊಂದು ನೆಲೆಯಲ್ಲಿದ್ದವರ ಜೊತೆ ಸಂಶೋಧಕರು ಹೋಲಿಸಿದರು. ಒಟ್ಟು 3,40,000ಕ್ಕೂ ಹೆಚ್ಚು ಜನ. 2023ರಲ್ಲಿ ಫಲಿತಾಂಶ ಬಂತು. ಲೆಜೂನ್‌ನಲ್ಲಿದ್ದವರಿಗೆ ಪಾರ್ಕಿನ್ಸನ್ ಅಪಾಯ 70 ಶೇಕಡಾ ಹೆಚ್ಚು. ಇವರೆಲ್ಲ ಆಗ ಹೆಚ್ಚುಕಮ್ಮಿ 20ರ ಹರೆಯದವರು. ಅಲ್ಲಿ ಇದ್ದದ್ದು ಸರಾಸರಿ ಎರಡು ವರ್ಷ. ಕಾಯಿಲೆ ಕಂಡದ್ದು ಹತ್ತಾರು ವರ್ಷ ಕಳೆದ ಮೇಲೆ. ಇಪ್ಪತ್ತರಲ್ಲಿ ಕುಡಿದ ನೀರು ಐವತ್ತರಲ್ಲಿ ಕೈ ನಡುಗಿಸುತ್ತದೆ ಎಂದು ಯಾವ ಸೈನಿಕನಿಗೆ ಹೊಳೆದೀತು? ಕೇಳದೆ ಹೋದರೆ ಡಾಕ್ಟರಿಗೂ ಹೊಳೆಯುವುದಿಲ್ಲ.

ಮಿಕ್ಕವುಗಳನ್ನು ಬೇಗ ಹೇಳಿಬಿಡುತ್ತೇನೆ. ತಲೆಗೆ ಬೀಳುವ ಜೋರು ಪೆಟ್ಟು ಅಪಾಯ ಏರಿಸುತ್ತದೆ. ಗಾಳಿಯ ಸೂಕ್ಷ್ಮ ದೂಳಿನ ಮೇಲೂ ಅನುಮಾನ ಬಲವಾಗುತ್ತಿದೆ, ಆದರೆ ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುತ್ತಿಲ್ಲ. ಕಾಫಿ ಕುಡಿಯುವವರಲ್ಲಿ, ಚೆನ್ನಾಗಿ ವ್ಯಾಯಾಮ ಮಾಡುವವರಲ್ಲಿ ಕಾಯಿಲೆ ಕಡಿಮೆ ಕಾಣುತ್ತದೆ. ಸಿಗರೇಟು ಸೇದುವವರಲ್ಲೂ ಕಡಿಮೆ ಎಂಬುದು ಹಲವು ದೇಶಗಳಲ್ಲಿ ಪದೇ ಪದೇ ಕಂಡ ವಿಚಿತ್ರ. ಇದನ್ನು ನಂಬಿ ನಿಕೋಟಿನ್ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿದರು. ಹೊಸದಾಗಿ ಕಾಯಿಲೆ ಬಂದವರಲ್ಲಿ ಅದು ರೋಗವನ್ನು ನಿಧಾನ ಮಾಡಲಿಲ್ಲ. ಪಾರ್ಕಿನ್ಸನ್ ಬರಲಿರುವವರಿಗೆ ಮೊದಲೇ ಡೋಪಮೈನ್ ಕಡಿಮೆ ಇರುವುದರಿಂದ ಅವರಿಗೆ ಚಟ ಅಂಟುವುದೇ ಕಡಿಮೆ ಇರಬಹುದು ಎಂಬ ವಾದವೂ ಇದೆ. ಏನೇ ಇರಲಿ, ಕ್ಯಾನ್ಸರ್ ಮತ್ತು ಹೃದಯದ ಕಾಯಿಲೆ ತರುವ ಸಿಗರೇಟನ್ನು ಈ ಕಾರಣಕ್ಕೆ ಯಾರೂ ಹಿಡಿಯಬಾರದು.

ಜೀನ್ ಮತ್ತು ಪರಿಸರ ಎಲ್ಲಿ ಸೇರುತ್ತವೆ? ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇಲ್ಲೇ ಇದೆ. ಡೋಪಮೈನ್ ಕೋಶ ಒಂದೊಂದೂ ಸಾವಿರಾರು ಕವಲುಗಳಾಗಿ ಹರಡಿಕೊಂಡಿರುತ್ತದೆ. ಅದಕ್ಕೆ ಬೇಕಾಗುವ ಶಕ್ತಿ ವಿಪರೀತ. ಹಾಗಾಗಿ ಮೈಟೋಕಾಂಡ್ರಿಯಾ ಸ್ವಲ್ಪ ಎಡವಿದರೂ ಮೊದಲು ಸೋಲುವುದು ಅದೇ. ಪಿಂಕ್1 ಮತ್ತು ಪಾರ್ಕಿನ್ ಜೀನ್‌ಗಳ ಕೆಲಸ ಏನು ಗೊತ್ತಾ? ಕೆಟ್ಟ ಮೈಟೋಕಾಂಡ್ರಿಯಾಗಳನ್ನು ಗುರುತಿಸಿ ಹೊರಹಾಕುವುದು. ರೊಟಿನೋನ್ ಕೆಡಿಸುವುದೂ ಅದೇ ಮೈಟೋಕಾಂಡ್ರಿಯಾವನ್ನು. ಜಿಬಿಎ1 ಮತ್ತು ಎಲ್‌ಆರ್‌ಆರ್‌ಕೆ2 ಎರಡೂ ಕೋಶದ ಕಸ ವಿಲೇವಾರಿಗೆ ಸಂಬಂಧಪಟ್ಟಂಥವು. ಆ ವಿಲೇವಾರಿ ಕುಂಟಿದರೆ ಸೈನ್ಯೂಕ್ಲಿನ್ ಮುದ್ದೆಗಟ್ಟುತ್ತದೆ. ಒಬ್ಬರಲ್ಲಿ ಜೀನ್ ಕೆಡಿಸಿದ್ದನ್ನೇ ಇನ್ನೊಬ್ಬರಲ್ಲಿ ರಾಸಾಯನಿಕ ಕೆಡಿಸುತ್ತದೆ. ಮೂರನೆಯವರಲ್ಲಿ ಎರಡೂ ಅರ್ಧರ್ಧ ಕೆಡಿಸುತ್ತವೆ.

ಇದು ಸುಮ್ನೆ ಊಹೆಯಲ್ಲ. ದೇಹದಲ್ಲಿ ವಿಷವನ್ನು ಕರಗಿಸುವ ಜಿಎಸ್‌ಟಿಟಿ1 ಎಂಬ ಜೀನ್ ಕೆಲವರಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ಅದರಿಂದ ದಿನನಿತ್ಯ ಯಾವ ತೊಂದರೆಯೂ ಇಲ್ಲ. ಆದರೆ 2012ರ ಅಧ್ಯಯನವೊಂದರಲ್ಲಿ, ಆ ಜೀನ್ ಇಲ್ಲದೆ ಪ್ಯಾರಾಕ್ವಾಟ್ ಬಳಸಿದ ಗಂಡಸರಲ್ಲಿ ಅಪಾಯ 11 ಪಟ್ಟು ಏರಿತ್ತು. ಜೀನ್ ಇದ್ದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ಚಿಕ್ಕ ಅಧ್ಯಯನ ಅದು, ಅಂಕಿಯನ್ನು ಅಕ್ಷರಶಃ ಹಿಡಿಯಬಾರದು. ದಿಕ್ಕು ಮಾತ್ರ ಮುಖ್ಯ. ಹೊರಗಿನ ಅಪಾಯಗಳೂ ಒಂದರ ಜೊತೆ ಇನ್ನೊಂದು ಸೇರಿಕೊಳ್ಳುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ತಲೆಗೆ ಪೆಟ್ಟು ಬಿದ್ದವರಲ್ಲಿ ಅಪಾಯ ಎರಡು ಪಟ್ಟು ಕಂಡಿತು. ಪೆಟ್ಟಿನ ಜೊತೆ ಮನೆಯ ಹತ್ತಿರ ಪ್ಯಾರಾಕ್ವಾಟ್ ಕೂಡ ಇದ್ದವರಲ್ಲಿ ಅದು ಮೂರು ಪಟ್ಟಾಯಿತು.

ಕಾಯಿಲೆ ಎಲ್ಲಿಂದ ಒಳಗೆ ಬರುತ್ತದೆ ಎಂಬುದರ ಬಗ್ಗೆಯೂ ಒಂದು ಮಾತು ಹೇಳಬೇಕು. ಜರ್ಮನಿಯ ಹೈಕೊ ಬ್ರಾಕ್ ಮತ್ತು ಜೊತೆಗಾರರು 2003ರಲ್ಲಿ ಒಂದು ವಾದ ಮುಂದಿಟ್ಟರು. ಸೈನ್ಯೂಕ್ಲಿನ್ ಮುದ್ದೆ ಮೊದಲು ಕಾಣುವುದು ಸಬ್‌ಸ್ಟಾನ್ಷಿಯಾ ನೈಗ್ರಾದಲ್ಲಿ ಅಲ್ಲ, ವಾಸನೆಗೆ ಸಂಬಂಧಿಸಿದ ಭಾಗದಲ್ಲಿ ಮತ್ತು ಕರುಳಿಗೆ ಹೋಗುವ ನರದ ಬುಡದಲ್ಲಿ ಎಂದರು. ಎಲ್ಲ ರೋಗಿಗಳಿಗೂ ಇದು ಹೊಂದುವುದಿಲ್ಲ. ಆದರೆ ವಾಸನೆ ಹೋಗುವುದು, ಮಲಬದ್ಧತೆ, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಬಡಿಯುವುದು, ಇವು ಎಷ್ಟೋ ಜನರಲ್ಲಿ ನಡುಕಕ್ಕಿಂತ ವರ್ಷಗಟ್ಟಲೆ ಮೊದಲೇ ಬರುತ್ತವೆ. ಮೂಗು ಮತ್ತು ಹೊಟ್ಟೆ, ಎರಡೂ ಹೊರಗಿನ ಗಾಳಿ, ನೀರು, ಆಹಾರಕ್ಕೆ ತೆರೆದುಕೊಂಡ ಬಾಗಿಲುಗಳು. ಅಲ್ವಾ? ಹೊರಗಿನ ವಿಷದ ಮೇಲಿನ ಅನುಮಾನಕ್ಕೆ ಇದೂ ಒಂದು ಆಧಾರ.

ಜಗತ್ತಿನಲ್ಲಿ ಪಾರ್ಕಿನ್ಸನ್ ರೋಗಿಗಳ ಸಂಖ್ಯೆ 25 ವರ್ಷದಲ್ಲಿ ಎರಡು ಪಟ್ಟಾಗಿದೆ. 2019ರಲ್ಲಿ 85 ಲಕ್ಷಕ್ಕೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2050ಕ್ಕೆ ಎರಡೂವರೆ ಕೋಟಿ ಆಗಬಹುದು ಎಂದು 2025ರಲ್ಲಿ ಬಂದ ಅಂದಾಜು ಹೇಳುತ್ತದೆ. ಆ ಅಂದಾಜಿನ ಪ್ರಕಾರ ಏರಿಕೆಗೆ ಮುಖ್ಯ ಕಾರಣ ಜನರಿಗೆ ವಯಸ್ಸಾಗುತ್ತಿರುವುದು. ಹಾಗಿದ್ದರೆ ರಾಸಾಯನಿಕದ ಮಾತು ಅತಿಯಾಯಿತಾ? ನನಗೆ ಹಾಗೆ ಅನ್ನಿಸುವುದಿಲ್ಲ. 1990ರಿಂದ 2016ರ ಜಾಗತಿಕ ಲೆಕ್ಕದಲ್ಲಿ, ವಯಸ್ಸಿನ ವ್ಯತ್ಯಾಸ ಕಳೆದ ಮೇಲೂ ಪಾರ್ಕಿನ್ಸನ್ ಪ್ರಮಾಣ ಸುಮಾರು 22 ಶೇಕಡಾ ಏರಿತ್ತು. ಚಿಕಿತ್ಸೆಯಿಂದ ರೋಗಿಗಳು ಹೆಚ್ಚು ಕಾಲ ಬದುಕುತ್ತಿರುವುದು, ಪತ್ತೆ ಹಚ್ಚುವುದು ಸುಧಾರಿಸಿರುವುದು ಇದರಲ್ಲಿ ಸ್ವಲ್ಪ ಪಾಲು ಪಡೆಯುತ್ತವೆ. ಉಳಿದದ್ದಕ್ಕೆ ಉತ್ತರ ಹೊರಗೂ ಹುಡುಕಬೇಕು. ಇಷ್ಟಕ್ಕೂ ವಯಸ್ಸಾಗುವುದನ್ನು ತಡೆಯಲು ಆಗದು ಎಂದಾದರೆ, ತಡೆಯಬಹುದಾದ ಭಾಗದ ಬೆಲೆ ಇನ್ನಷ್ಟು ಏರುತ್ತದೆ.

ಜೀನ್ ಪರೀಕ್ಷೆ ಮಾಡಿಸಬೇಕಾ ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ಉತ್ತರ ಅಮೆರಿಕದಲ್ಲಿ ಸಾವಿರಾರು ಪಾರ್ಕಿನ್ಸನ್ ರೋಗಿಗಳನ್ನು ಪರೀಕ್ಷಿಸಿದಾಗ ಸುಮಾರು 13 ಶೇಕಡಾ ಮಂದಿಯಲ್ಲಿ ಸಂಬಂಧಪಟ್ಟ ಜೀನ್ ದೋಷ ಸಿಕ್ಕಿತು. 50ಕ್ಕಿಂತ ಮೊದಲೇ ಕಾಯಿಲೆ ಬಂದವರು, ಹತ್ತಿರದ ರಕ್ತಸಂಬಂಧಿಗಳಲ್ಲಿ ಕಾಯಿಲೆ ಇರುವವರು ನರವೈದ್ಯರ ಜೊತೆ ಇದರ ಬಗ್ಗೆ ಮಾತಾಡುವುದು ಒಳ್ಳೆಯದು. ಜಿಬಿಎ1, ಎಲ್‌ಆರ್‌ಆರ್‌ಕೆ2 ದೋಷಗಳನ್ನೇ ಗುರಿಯಾಗಿಟ್ಟುಕೊಂಡ ಔಷಧಿಗಳು ಈಗ ಪ್ರಯೋಗದ ಹಂತದಲ್ಲಿವೆ, ಅದಕ್ಕೂ ಈ ಮಾಹಿತಿ ಬೇಕಾಗುತ್ತದೆ. ಆರೋಗ್ಯವಾಗಿರುವ ಮಕ್ಕಳು ಸುಮ್ನೆ ಕುತೂಹಲಕ್ಕೆ ಪರೀಕ್ಷೆ ಮಾಡಿಸುವ ಮೊದಲು ಮಾತ್ರ ಜೀನ್ ಸಲಹೆಗಾರರನ್ನು ನೋಡಲೇಬೇಕು. ದೋಷ ಇದೆ ಎಂದು ಗೊತ್ತಾದರೂ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ. ಬರುವುದನ್ನು ತಡೆಯುವ ಔಷಧಿಯೂ ಇವತ್ತಿಗೆ ಇಲ್ಲ. ಸಿಗುವುದು ಬರೀ ಚಿಂತೆ ಆಗಬಾರದು.

ಕೊನೆಗೆ, ರಾಸಾಯನಿಕಗಳಿಗೆ ಅನುಮತಿ ಕೊಡುವ ಪದ್ಧತಿ. ನೆದರ್‌ಲ್ಯಾಂಡ್ಸ್‌ನ ನರವೈದ್ಯ ಬಾಸ್ ಬ್ಲೂಮ್ ವರ್ಷಗಳಿಂದ ಒಂದು ಮಾತು ಹೇಳುತ್ತಿದ್ದಾರೆ. ಈಗಿನ ಸುರಕ್ಷತಾ ಪರೀಕ್ಷೆಯಲ್ಲಿ ಪ್ರಾಣಿಗಳ ನಡೆ, ವರ್ತನೆ ನೋಡುತ್ತಾರೆ. ಸಬ್‌ಸ್ಟಾನ್ಷಿಯಾ ನೈಗ್ರಾದ ಕೋಶಗಳನ್ನು ಎಣಿಸಲೇಬೇಕು ಎಂಬ ನಿಯಮ ಇಲ್ಲ. ಕೋಶಗಳಲ್ಲಿ ದೊಡ್ಡ ಪಾಲು ಸಾಯುವ ತನಕ ಹೊರಗೆ ಏನೂ ಕಾಣದ ಕಾಯಿಲೆಗೆ ಹೊರಗಿನ ನಡೆ ನೋಡಿ ಪ್ರಯೋಜನ ಏನು? ಜೊತೆಗೆ ಒಂದೊಂದೇ ರಾಸಾಯನಿಕ ಪರೀಕ್ಷಿಸುತ್ತಾರೆ. ಹೊಲದಲ್ಲಿ ಇರುವುದು ಮಿಶ್ರಣ. ಈ ಎರಡು ತಪ್ಪನ್ನು ಸರಿಪಡಿಸಲು ಹೊಸ ವಿಜ್ಞಾನವೇನೂ ಬೇಕಿಲ್ಲ. ಮನಸ್ಸು ಬೇಕು.

ಪ್ಯಾರಾಕ್ವಾಟ್ ತಯಾರಕರು ಅದರಿಂದಲೇ ಪಾರ್ಕಿನ್ಸನ್ ಬರುತ್ತದೆ ಎಂಬುದು ಸಾಬೀತಾಗಿಲ್ಲ ಎನ್ನುತ್ತಾರೆ. ಒಬ್ಬ ರೋಗಿಯ ಮಟ್ಟದಲ್ಲಿ ಅದನ್ನು ಸಾಬೀತು ಮಾಡಲು ಯಾವತ್ತೂ ಆಗದೇ ಇರಬಹುದು. ಮೂವತ್ತು ವರ್ಷದ ಹಿಂದೆ ಮೈಮೇಲೆ ಬಿದ್ದ ಹನಿ ಇವತ್ತಿನ ರಕ್ತದಲ್ಲಿ ಗುರುತು ಉಳಿಸಿರುವುದಿಲ್ಲ. ಅಂಥ ಪುರಾವೆಗೇ ಕಾಯುತ್ತೇವೆ ಎನ್ನುವುದು ರೋಗಿಗೆ ಮಾಡುವ ಅನ್ಯಾಯ. ಐರೋಪ್ಯ ಒಕ್ಕೂಟದ ನ್ಯಾಯಾಲಯ 2007ರಲ್ಲಿ ಪ್ಯಾರಾಕ್ವಾಟ್‌ಗೆ ಕೊಟ್ಟಿದ್ದ ಅನುಮತಿಯನ್ನು ರದ್ದು ಮಾಡಿತು. ಪಾರ್ಕಿನ್ಸನ್ ಜೊತೆಗಿನ ನಂಟಿನ ಬಗ್ಗೆ ಇದ್ದ ಅಧ್ಯಯನಗಳನ್ನು ಕಡತದಲ್ಲಿ ಗಮನಿಸಿಯೇ ಇರಲಿಲ್ಲ ಎಂಬುದು ಅದು ಎತ್ತಿ ತೋರಿಸಿದ ಲೋಪಗಳಲ್ಲಿ ಒಂದು. ಫ್ರಾನ್ಸ್ 2012ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕೀಟನಾಶಕಗಳ ಜೊತೆ ಕೆಲಸ ಮಾಡಿದ ರೈತರಿಗೆ ಬರುವ ಪಾರ್ಕಿನ್ಸನ್ ಅನ್ನು ವೃತ್ತಿಯಿಂದ ಬರುವ ಕಾಯಿಲೆ ಎಂದು ಒಪ್ಪಿಕೊಂಡಿತು. ಕನಿಷ್ಠ 10 ವರ್ಷ ಆ ಔಷಧಿಗಳ ಸಂಪರ್ಕದಲ್ಲಿ ದುಡಿದಿದ್ದು, ನಿಗದಿಯಾದ ಉಳಿದ ಷರತ್ತುಗಳಿಗೂ ಹೊಂದಿದರೆ ಅಲ್ಲಿನ ರೈತ ಪರಿಹಾರ ಕೇಳಬಹುದು. ತನ್ನ ಕೈ ನಡುಗಿಸಿದ್ದು ಯಾವ ಡಬ್ಬಿ ಎಂದು ಅವನು ತೋರಿಸಬೇಕಾಗಿಲ್ಲ.